ಕಾರ್ಡು ಉಜ್ಜಿದ ಹಣ ಎಲ್ಲಿ ಹೋಯಿತು?

(ಅಡೂರಿನಲ್ಲಿ ತೋಟದ ಕೆಲಸಗಾರರ ಕುಟುಂಬಗಳ ಕೂಟದಲ್ಲಿ ಮಾಡಿದ ಭಾಷಣ)



ಹಿಂದೆ ನಮ್ಮ ತೋಟಗಳಲ್ಲಿ ಬಟವಾಡೆಯ ದಿನವೆಂದರೆ ಕಚೇರಿಯ ಮುಂದೆ ಸಾಲು ನಿಲ್ಲುವುದು, ಹೆಬ್ಬೆಟ್ಟು ಒತ್ತುವುದು, ನೋಟು ಎಣಿಸಿ ಸೆರಗಿನ ಗಂಟಿಗೆ ಕಟ್ಟಿಕೊಳ್ಳುವುದು. ಅಂಗಡಿಯ ಬಾಕಿ ಕೊಟ್ಟರೆ ಕೊಟ್ಟ ಹಾಗೆ, ಕೊಡದಿದ್ದರೆ ಕೊಡದ ಹಾಗೆ. ಇವೆರಡರ ನಡುವೆ ಮೂರನೆಯದೊಂದು ಇರಲಿಲ್ಲ. ಈಗ ಸಂಬಳ ಬ್ಯಾಂಕಿಗೆ ಬೀಳುತ್ತದೆ, ನಮ್ಮ ಕೈಯಲ್ಲಿ ಒಂದು ಕಾರ್ಡು ಇದೆ. ಅದರ ಜೊತೆಗೆ ಆ ಮೂರನೆಯದೂ ಬಂದಿದೆ: ನಮ್ಮ ಖಾತೆಯಿಂದ ಹಣ ಹೋಗಿದೆ, ಅಂಗಡಿಯವನಿಗೆ ಮುಟ್ಟಿಲ್ಲ. ಇಂದು ನಾವು ಮಾತಾಡಬೇಕೆಂದಿರುವುದು ಈ ನಡುದಾರಿಯ ಹಣದ ವಿಷಯ.

ನಮ್ಮ ಲೈನಿನ ಒಬ್ಬ ತಾಯಿಗೆ ಆದದ್ದನ್ನು ಹೇಳುತ್ತೇವೆ. ಅವರ ಒಪ್ಪಿಗೆ ಕೇಳಿಯೇ ಹೇಳುತ್ತಿದ್ದೇವೆ, ಹೆಸರು ಬೇಡ. ಮಗುವಿಗೆ ಜ್ವರವೆಂದು ಗಡಿ ದಾಟಿ ಸುಳ್ಯದ ಕಡೆಗೆ ಹೋಗಿದ್ದರು. ಔಷಧಿಯ ಬಿಲ್ಲು 1,460 ರೂಪಾಯಿ. ಕಾರ್ಡು ಹಾಕಿ ಗುಪ್ತ ಸಂಖ್ಯೆ ಒತ್ತಿದರು. ಯಂತ್ರ ತಿರುಗಿತು, ತಿರುಗಿತು, ಕೊನೆಗೆ 'ಆಗಲಿಲ್ಲ' ಎಂದಿತು. ಆದರೆ ಕೈಯಲ್ಲಿದ್ದ ಫೋನು ಟಿಣ್ ಎಂದಿತು: 1,460 ಕಳೆದಿದೆ. ಸಂದೇಶ ಇಂಗ್ಲಿಷಿನಲ್ಲಿ. ಅಂಗಡಿಯವನು, "ನನಗೆ ಬಂದಿಲ್ಲಮ್ಮ" ಎಂದನು. ಹಿಂದೆ ನಾಲ್ಕು ಜನ ಕಾಯುತ್ತಿದ್ದರು. ತನ್ನನ್ನು ಕಳ್ಳಿಯೆಂದು ತಿಳಿದಾರು ಎಂಬ ನಾಚಿಕೆಯಿಂದ ಆ ತಾಯಿ ಇನ್ನೊಮ್ಮೆ ಕಾರ್ಡು ಹಾಕಿದರು. ಈ ಸಲ ಆಯಿತು. ಖಾತೆಯಲ್ಲಿದ್ದ 3,100ರಲ್ಲಿ 2,920 ಹೋಗಿ 180 ಉಳಿಯಿತು. ಎರಡು ದಿನ ಬಿಟ್ಟು ಸಾಲದ ಕಂತು ಬಂದಾಗ ಖಾತೆಯಲ್ಲಿ ಹಣವಿಲ್ಲ. ಕಂತು ಹಿಂದಕ್ಕೆ ಹೋಯಿತು, ದಂಡ ಬಿತ್ತು. ನಾಲ್ಕನೆಯ ದಿನ ಮೊದಲಿನ 1,460 ತಾನಾಗಿ ಖಾತೆಗೆ ಮರಳಿತು. ಹಾಗಾದರೆ ತಪ್ಪು ಯಾರದು?

ಅಂಗಡಿಯವನು ಸುಳ್ಳು ಹೇಳಲಿಲ್ಲ, ಆ ತಾಯಿಯೂ ಹೇಳಲಿಲ್ಲ. ಇದನ್ನು ಮೊದಲು ತಿಳಿದುಕೊಳ್ಳಬೇಕು. ಹಣ ನಮ್ಮ ಕಾರ್ಡಿನಿಂದ ನೇರವಾಗಿ ಅಂಗಡಿಯ ಪೆಟ್ಟಿಗೆಗೆ ಹಾರುವುದಿಲ್ಲ. ಯಂತ್ರವು ಮೊದಲು ಅಂಗಡಿಯವನ ಬ್ಯಾಂಕನ್ನು ಕೇಳುತ್ತದೆ. ಆ ಬ್ಯಾಂಕು ಕಾರ್ಡಿನ ಜಾಲವನ್ನು ಕೇಳುತ್ತದೆ. ನಮ್ಮಲ್ಲಿ ಅನೇಕರ ಜನಧನ ಖಾತೆಯ ಕಾರ್ಡು ರುಪೇ, ಅದರ ಜಾಲ ನ್ಯಾಷನಲ್ ಪೇಮೆಂಟ್ಸ್ ಕಾರ್ಪೊರೇಷನ್ನಿನದು. ಆ ಜಾಲವು ನಮ್ಮ ಬ್ಯಾಂಕನ್ನು ಕೇಳುತ್ತದೆ. ನಮ್ಮ ಬ್ಯಾಂಕು ಹಣ ಇದೆಯೋ ನೋಡಿ, ಖಾತೆಯಿಂದ ಕಳೆದು, 'ಸರಿ' ಎಂಬ ಉತ್ತರವನ್ನು ಬಂದ ದಾರಿಯಲ್ಲೇ ಹಿಂದಕ್ಕೆ ಕಳುಹಿಸುತ್ತದೆ. ಇಷ್ಟೂ ಕೆಲವೇ ಸೆಕೆಂಡುಗಳಲ್ಲಿ ಆಗಬೇಕು. ಆ ಉತ್ತರ ಹಿಂದಿರುಗುವಾಗ ದಾರಿಯಲ್ಲಿ ತಂತಿ ಕಡಿದರೆ, ನಮ್ಮ ಗುಡ್ಡಗಳಲ್ಲಿ ರೇಂಜು ಹೋಗುವುದು ಹೊಸತಲ್ಲವಲ್ಲ, ಯಂತ್ರ ಕಾದು ಕಾದು 'ಆಗಲಿಲ್ಲ' ಎನ್ನುತ್ತದೆ. ನಮ್ಮ ಬ್ಯಾಂಕಿನ ಪುಸ್ತಕದಲ್ಲಿ ಮಾತ್ರ ಕಳೆದೇ ಇರುತ್ತದೆ.

ಇನ್ನೊಂದು ಮಾತು. ಕೇಳುವುದು ಹೇಳುವುದು ಕ್ಷಣದಲ್ಲಿ ಮುಗಿದರೂ, ಬ್ಯಾಂಕು ಬ್ಯಾಂಕಿಗೆ ನಿಜವಾದ ಹಣ ಕೊಡುವುದು ಆಮೇಲೆ, ಎಲ್ಲ ಲೆಕ್ಕವನ್ನು ಕಟ್ಟುಕಟ್ಟಾಗಿ ಕೂಡಿಸಿ. ಆಗ ಎರಡೂ ಕಡೆಯ ಪಟ್ಟಿಯನ್ನು ತಾಳೆ ನೋಡುತ್ತಾರೆ. ಈ ಕಡೆ ಕಳೆದದ್ದಿದೆ, ಆ ಕಡೆ ಪಡೆದದ್ದಿಲ್ಲ ಎಂಬ ಗೆರೆಗಳು ಹೊರಬೀಳುವುದು ಆ ತಾಳೆಯಲ್ಲಿ. ಹಿಂದೆ ಪಿಗ್ಮಿ ಸಂಗ್ರಹಿಸುವವರು ಮನೆಮನೆಗೆ ಬಂದು ನಮ್ಮ ಪುಸ್ತಕದಲ್ಲಿ ಬರೆದು, ಸಂಜೆ ಬ್ಯಾಂಕಿನ ಪುಸ್ತಕದಲ್ಲಿ ಬರೆಸುತ್ತಿದ್ದುದು ಹಿರಿಯರಿಗೆ ನೆನಪಿದ್ದೀತು. 1928ರಲ್ಲಿ ಸಿಂಡಿಕೇಟ್ ಬ್ಯಾಂಕು ನಮ್ಮ ಕರಾವಳಿಯಲ್ಲಿ ತೊಡಗಿಸಿದ ಪದ್ಧತಿ ಅದು. ಆ ಬ್ಯಾಂಕು 2020ರ ಏಪ್ರಿಲ್ 1ರಂದು ಕೆನರಾ ಬ್ಯಾಂಕಿನೊಳಗೆ ಸೇರಿಹೋಯಿತು. ಬೆಳಿಗ್ಗೆ ಕೊಟ್ಟ ಎರಡು ರೂಪಾಯಿ ಸಂಜೆಯ ತನಕ ಆ ಮನುಷ್ಯನ ಚೀಲದಲ್ಲಿತ್ತು. ಆದರೂ ನಮಗೆ ಹೆದರಿಕೆಯಿರಲಿಲ್ಲ, ಯಾಕಂದರೆ ಮುಖ ಪರಿಚಯವಿತ್ತು, ಕೈಯಲ್ಲಿ ಬರಹವಿತ್ತು. ಈಗ ಮುಖವಿಲ್ಲ. ಬರಹವನ್ನಾದರೂ ನಾವು ಬಿಡಬಾರದು.

ಆದುದರಿಂದ ಯಂತ್ರ 'ಆಗಲಿಲ್ಲ' ಎಂದರೂ ಅದರ ಚೀಟಿ ಕೇಳಿ ಪಡೆಯಿರಿ. ಅದರಲ್ಲಿ ತಾರೀಕು, ಹೊತ್ತು, ಮೊತ್ತ, ಯಂತ್ರದ ಸಂಖ್ಯೆ ಇರುತ್ತದೆ, ಆರ್.ಆರ್.ಎನ್. ಎಂಬ ಹನ್ನೆರಡು ಅಂಕೆಗಳ ಸಂಖ್ಯೆಯೂ ಇರುವುದುಂಟು. ಬ್ಯಾಂಕಿನವರು ಹುಡುಕುವುದು ಆ ಸಂಖ್ಯೆಯಿಂದಲೇ. ಚೀಟಿಯ ಮಸಿ ಕೆಲವು ವಾರಗಳಲ್ಲಿ ಮಾಸಿಹೋಗುತ್ತದೆ, ಶಾಲೆಗೆ ಹೋಗುವ ಮಕ್ಕಳಿಂದ ನೋಟುಪುಸ್ತಕದಲ್ಲಿ ಬರೆಸಿಡಿರಿ. ಚೀಟಿ ಸಿಗದಿದ್ದರೆ ಫೋನಿನ ಸಂದೇಶವನ್ನು ಅಳಿಸಬೇಡಿರಿ. ಎಲ್ಲಕ್ಕಿಂತ ಮುಖ್ಯವಾಗಿ, ಹಣ ಕಳೆದಿದೆಯೆಂಬ ಸಂದೇಶ ಬಂದ ಮೇಲೆ ನಾಚಿಕೆಗೆ ಬಿದ್ದು ಎರಡನೆಯ ಸಲ ಕಾರ್ಡು ಹಾಕಬೇಡಿರಿ. ಹತ್ತು ನಿಮಿಷ ಕಾಯಿರಿ, ಅಂಗಡಿಯವನು ತನ್ನ ಖಾತೆಯನ್ನು ನೋಡಲಿ. ಪರಿಚಯದ ಅಂಗಡಿಯಾದರೆ ಎರಡು ದಿನದ ಬಾಕಿ ಬರೆದುಕೊಳ್ಳಿರೆಂದು ಕೇಳಬಹುದು. ಮಗುವಿನ ಔಷಧಿಯಂತಹ ಕಾರ್ಯದಲ್ಲಿ ಕಾಯಲಾಗುವುದಿಲ್ಲ, ನಮಗೂ ಗೊತ್ತು. ಅದಕ್ಕಾಗಿಯೇ ದೂರ ಹೋಗುವಾಗ ಸ್ವಲ್ಪ ನಗದು ಇಟ್ಟುಕೊಳ್ಳುವ ಹಳೆಯ ಅಭ್ಯಾಸವನ್ನು ಬಿಡಬಾರದೆಂದು ನಾವು ಹೇಳುವುದು.

ಈಗ ನಿಯಮದ ಮಾತು. 2019ರ ಸೆಪ್ಟೆಂಬರ್ 20ರಂದು ರಿಸರ್ವ್ ಬ್ಯಾಂಕು ಒಂದು ಆಜ್ಞೆ ಹೊರಡಿಸಿತು, ಅಕ್ಟೋಬರ್ 15ರಿಂದ ಅದು ಜಾರಿಗೆ ಬಂತು. ಅಂಗಡಿಯ ಯಂತ್ರದಲ್ಲಿ ನಮ್ಮ ಹಣ ಕಳೆದು ಅಂಗಡಿಗೆ ದೃಢೀಕರಣ ಬಾರದಿದ್ದರೆ, ವ್ಯವಹಾರದ ದಿನದ ಮೇಲೆ ಐದು ದಿನಗಳೊಳಗೆ ಬ್ಯಾಂಕು ತಾನಾಗಿ ಅದನ್ನು ಹಿಂದಕ್ಕೆ ಹಾಕಬೇಕು. ಎ.ಟಿ.ಎಂ.ನಲ್ಲಿ ನೋಟು ಬಾರದೆ ಖಾತೆಯಿಂದ ಕಳೆದರೂ ಅದೇ ಐದು ದಿನ. ರಜೆಯ ದಿನವೂ ಎಣಿಕೆಗೆ ಸೇರುತ್ತದೆ. ಅದು ಮೀರಿದರೆ ದಿನಕ್ಕೆ 100 ರೂಪಾಯಿಯಂತೆ ಪರಿಹಾರ. ಹತ್ತನೆಯ ತಾರೀಕಿಗೆ ಕಳೆದ ಹಣ ಇಪ್ಪತ್ತಕ್ಕೆ ಬಂದರೆ, ಹದಿನಾರರಿಂದ ಲೆಕ್ಕ ಹಿಡಿದು 500 ರೂಪಾಯಿ ಸಿಗಬೇಕು. ನಾವು ದೂರು ಕೊಡದಿದ್ದರೂ ಕೊಡಬೇಕೆಂದು ಆಜ್ಞೆಯಲ್ಲಿದೆ. ಇದು ಬೇಡುವ ದಾನವಲ್ಲ, ಆದುದರಿಂದ ಕೌಂಟರಿನ ಮುಂದೆ ತಲೆ ತಗ್ಗಿಸಿ ನಿಲ್ಲಬೇಕಾಗಿಲ್ಲ.

ಆದರೂ ಒಂದು ಕಹಿಯನ್ನು ಮುಚ್ಚಿಡಲಾರೆವು. ಆ ತಾಯಿಯ ಹಣ ನಾಲ್ಕನೆಯ ದಿನ ಬಂತು. ನಿಯಮದ ಪ್ರಕಾರ ಎಲ್ಲವೂ ಸರಿ, ಒಂದು ಕಾಸೂ ಪರಿಹಾರವಿಲ್ಲ. ಕಂತಿನ ದಂಡ ಮಾತ್ರ ಅವರ ತಲೆಯ ಮೇಲೆ. ತಿಂಗಳಿಗೆ ಲಕ್ಷ ಬರುವವರಿಗೆ ಐದು ದಿನ ಏನೂ ಅಲ್ಲ. ದಿನಗೂಲಿಯ ಮನೆಗೆ ಐದು ದಿನವೆಂದರೆ ಅಕ್ಕಿಯ ಪ್ರಶ್ನೆ. ನಿಯಮ ಮಾಡಿದವರು ನಮ್ಮ ಲೈನು ಮನೆಯ ಡಬ್ಬಿ ತೆರೆದು ನೋಡಿ ಮಾಡಲಿಲ್ಲ. ಹೀಗಿರಲಾಗಿ, ಹಣ ನಡುದಾರಿಯಲ್ಲಿರುವಾಗ ಕಂತಿನ ದಿನ ಹತ್ತಿರವಿದ್ದರೆ ಆ ಮೊದಲೇ ಬ್ಯಾಂಕಿಗೆ ಹೋಗಿ ಬರಹದಲ್ಲಿ ತಿಳಿಸಿರಿ. ದಂಡ ಬಿಡಲೇಬೇಕೆಂದು ಹೇಳಲಾರೆವು, ಆದರೆ ಕೇಳಲು ನಮ್ಮ ಕೈಯಲ್ಲಿ ಕಾಗದವಿರುತ್ತದೆ.

ಸಾಮಾನು ಹಿಂದಕ್ಕೆ ಕೊಟ್ಟಾಗಿನ ಮರುಪಾವತಿ ಬೇರೆ ವಿಷಯ, ಅದನ್ನು ಇದರೊಂದಿಗೆ ಬೆರೆಸಬೇಡಿರಿ. ಅಲ್ಲಿ ಹಳೆಯ ಗೆರೆಯನ್ನು ಅಳಿಸುವುದಿಲ್ಲ, ಅಂಗಡಿಯವನ ಕಡೆಯಿಂದ ಹಣ ಹೊಸದಾಗಿ ಹೊರಟು ಬರಬೇಕು. ಅವನು ಕಳುಹಿಸಿದ್ದಕ್ಕೆ ಚೀಟಿ ಪಡೆಯಿರಿ.

ಐದು ದಿನ ಕಳೆದರೂ ಬಾರದಿದ್ದರೆ ಕಾರ್ಡು ಕೊಟ್ಟ ನಮ್ಮ ಬ್ಯಾಂಕಿಗೇ ದೂರು ಕೊಡಬೇಕು, ಅಂಗಡಿಯ ಬ್ಯಾಂಕಿಗಲ್ಲ. ದೂರಿನ ಸಂಖ್ಯೆ ಕೇಳಿರಿ. ಮೂವತ್ತು ದಿನಗಳಲ್ಲಿ ಉತ್ತರ ಬಾರದಿದ್ದರೆ, ಅಥವಾ ಬಂದ ಉತ್ತರ ನ್ಯಾಯವಾಗಿ ಕಾಣದಿದ್ದರೆ, ರಿಸರ್ವ್ ಬ್ಯಾಂಕಿನ ಓಂಬುಡ್ಸ್‌ಮನ್‌ರ ಬಳಿಗೆ ಹೋಗಬಹುದು. ಅದಕ್ಕೆ ಶುಲ್ಕವಿಲ್ಲ. 2021ರ ನವೆಂಬರ್ 12ರಿಂದ ದೇಶಕ್ಕೆಲ್ಲ ಒಂದೇ ವ್ಯವಸ್ಥೆಯಾಗಿದೆ. 14448 ಎಂಬ ಸಂಖ್ಯೆಗೆ ಫೋನು ಮಾಡಿದರೆ ಮಲಯಾಳದಲ್ಲಿಯೂ ಕನ್ನಡದಲ್ಲಿಯೂ ಮಾತಾಡಿ ದಾರಿ ಕೇಳಬಹುದು. ಕಾಸರಗೋಡಿನ ನಮಗೆ ಇದು ಸಣ್ಣ ವಿಷಯವಲ್ಲ. 1956ರಿಂದ ಈಚೆಗೆ ಒಂದೊಂದು ಅರ್ಜಿಯನ್ನೂ ಯಾವ ಭಾಷೆಯಲ್ಲಿ ಬರೆಯಬೇಕೆಂದು ಯೋಚಿಸಿ ಸೋತವರು ನಾವು.

ಹಣ ಬರಲಿಲ್ಲವೆಂಬ ಆತಂಕದಲ್ಲಿ ಫೋನಿನಲ್ಲಿ ಹುಡುಕಿ ಸಿಕ್ಕಿದ ಯಾವುದೋ ಸಂಖ್ಯೆಗೆ ಕರೆ ಮಾಡಬೇಡಿರಿ. 'ಈಗಲೇ ಹಾಕಿಕೊಡುತ್ತೇವೆ, ಒ.ಟಿ.ಪಿ. ಹೇಳಿ' ಎನ್ನುವವನು ಬ್ಯಾಂಕಿನವನಲ್ಲ. ಕಾರ್ಡಿನ ಹಿಂದೆ ಅಚ್ಚಾದ ಸಂಖ್ಯೆ, ಪಾಸುಪುಸ್ತಕದ ಸಂಖ್ಯೆ, ಇವೆರಡೇ ಸಾಕು. ಮೋಸ ಹೋದಿರೆಂದು ತಿಳಿದ ಕೂಡಲೇ 1930ಕ್ಕೆ ಕರೆ ಮಾಡಿರಿ, ನಾಳೆಗೆ ಇಡಬೇಡಿರಿ.

ಆ ತಾಯಿ ಇಂದು ಇಲ್ಲಿಯೇ ಕುಳಿತಿದ್ದಾರೆ. ದಂಡದ ವಿಷಯವಾಗಿ ಬರೆದ ಅರ್ಜಿಯನ್ನು ನಾವು ನಾಲ್ಕು ಮಂದಿ ಅವರೊಂದಿಗೆ ಹೋಗಿ ಬ್ಯಾಂಕಿಗೆ ಕೊಟ್ಟು ಬಂದೆವು. ಉತ್ತರ ಇನ್ನೂ ಬರಬೇಕಾಗಿದೆ. ನಿಮ್ಮಲ್ಲಿ ಯಾರ ಬಳಿಯಾದರೂ ಇಂತಹ ಚೀಟಿಯಿದ್ದರೆ, ಮಸಿ ಮಾಸುವ ಮೊದಲು ಬರುವ ಕೂಟಕ್ಕೆ ತನ್ನಿರಿ, ಕೂಡಿ ಕುಳಿತು ಬರೆಯೋಣ.