ಬರ, ನೆರೆ ಮತ್ತು ನಮ್ಮ ಊರ ರೂಢಿ

(ಸುರಪುರದಲ್ಲಿ ಕಾರ್ಯಕರ್ತರ ಅಭ್ಯಾಸವರ್ಗದಲ್ಲಿ ಮಾಡಿದ ಭಾಷಣ)

ಇಂದು ನಮಗೆ ಒಪ್ಪಿಸಿದ ವಿಷಯ ಸಂಸ್ಕೃತಿ ಮತ್ತು ನಿಸರ್ಗದ ವಿಪತ್ತು. ಸಂಸ್ಕೃತಿ ಎಂದೊಡನೆ ಹಾಡು, ಕುಣಿತ, ಗುಡಿ, ಗೋಪುರಗಳು ಕಣ್ಣ ಮುಂದೆ ಬರುತ್ತವೆ. ಸುರಪುರದಲ್ಲಿ ಕುಳಿತು ಮಾತನಾಡುವಾಗ ಇಲ್ಲಿಯ ಗರುಡಾದ್ರಿ ಚಿತ್ರಕಲೆಯೂ ನೆನಪಾದೀತು. ನಾವು ಹೇಳಹೊರಟದ್ದು ಬೇರೆ. ಯಾರ ಮನೆ ದಿಬ್ಬದ ಮೇಲಿದೆ, ಯಾರದು ಹಳ್ಳದ ದಂಡೆಗಿದೆ? ಯಾರು ಬೇಯಿಸಿದ್ದನ್ನು ಯಾರು ಉಣ್ಣುತ್ತಾರೆ? ಕಾಳು ಯಾರ ಹಗೇವಿನಲ್ಲಿದೆ? ಕಷ್ಟ ಬಂದಾಗ ಯಾರು ಕೈಯೊಡ್ಡಬಹುದು, ಯಾರು ಒಡ್ಡಿದರೆ ಮಾನ ಹೋಗುತ್ತದೆ? ಇವೂ ಸಂಸ್ಕೃತಿಯೇ. ಮಳೆ ಆಕಾಶದಿಂದ ಬರುತ್ತದೆ, ಇಲ್ಲವೆ ಬರುವುದಿಲ್ಲ. ಅದರ ಪೆಟ್ಟು ಮೊದಲು ಯಾರ ಬೆನ್ನಿಗೆ ಬೀಳಬೇಕೆಂಬುದನ್ನು ಊರು ತನ್ನ ರೂಢಿಯಿಂದ ಮೊದಲೇ ಗೊತ್ತುಮಾಡಿ ಇಟ್ಟಿರುತ್ತದೆ.

ಯಾದಗಿರಿ, ಶಹಾಪುರ, ಸುರಪುರಗಳಿಗೆ ಬರ ಹೊಸ ನೆಂಟನಲ್ಲ. ದಖ್ಖನದಲ್ಲಿ 1791–92ರ ಕ್ಷಾಮಕ್ಕೆ ತಲೆಬುರುಡೆಯ ಬರ ಎಂದೇ ಹೆಸರು. ಸತ್ತವರನ್ನು ಮಣ್ಣು ಮಾಡುವವರೂ ಉಳಿಯಲಿಲ್ಲ. 1876–78ರ ದೊಡ್ಡ ಕ್ಷಾಮ ನಿಜಾಮರ ಸೀಮೆಯನ್ನೂ ಮೈಸೂರನ್ನೂ ಒಟ್ಟಿಗೆ ಹಿಂಡಿತು. ಆಗ ಗಂಜಿಯ ಛತ್ರಗಳು ತೆರೆದವು. ಅನ್ಯರು ಬೇಯಿಸಿದ್ದನ್ನು ಉಣ್ಣಲಾರದೆ ಮೇಲುಜಾತಿಯ ಬಡವರು ದೂರವೇ ಉಳಿದರೆಂದು ಆ ಕಾಲದ ವರದಿಗಳು ಹೇಳುತ್ತವೆ. ಜಾತಿ ಕೆಳಗಿನವನನ್ನು ಮಾತ್ರ ಕೊಲ್ಲುತ್ತದೆಂದು ತಿಳಿದವರು ಇದನ್ನು ಗಮನಿಸಬೇಕು. ಕೆಳಗಿನವನನ್ನು ಹೆಚ್ಚು ಕೊಲ್ಲುತ್ತದೆ, ಅದು ನಿಜ.

'ಕೆರೆಗೆ ಹಾರ' ಎಂಬ ಲಾವಣಿಯನ್ನು ನಮ್ಮಲ್ಲಿ ಕೇಳದವರು ಯಾರು? ಕೆರೆ ಕಟ್ಟಿಸಿದರು, ನೀರು ಬರಲಿಲ್ಲ. ಹೊತ್ತಿಗೆ ತೆಗೆದು ನೋಡಿದರು. ಕಿರಿಯ ಸೊಸೆ ಭಾಗೀರಥಿಯನ್ನು ಬಲಿ ಕೊಡಬೇಕೆಂದಾಯಿತು. ಶಾಲೆಯಲ್ಲಿ ನಾವು ಇದನ್ನು ತ್ಯಾಗದ ಪಾಠವೆಂದು ಕಲಿಸಿದೆವು, ಇಂದಿಗೂ ಹಾಗೆಯೇ ಕಲಿಸುತ್ತಾರೆ. ಹಾಡಿದ ಹೆಂಗಸರು ಮಾತ್ರ ಅದನ್ನು ಕಣ್ಣೀರಿನಿಂದ ಹಾಡಿದರು. ಗೌಡ ಮನೆಯ ಹಿರಿಯ, ಅವನು ಹಾರವಾಗಲಿಲ್ಲ. ಹಿರಿಯ ಸೊಸೆಯರೂ ಆಗಲಿಲ್ಲ. ಮನೆಯಲ್ಲಿ ಯಾರ ಮಾತಿಗೆ ತೂಕವಿಲ್ಲವೋ ಅವಳ ಪಾಳಿ ಬಂತು. ಬರದ ಲೆಕ್ಕ ಹೀಗೆ ನಡೆಯುತ್ತದೆಂದು ಓದುಬರಹ ಬಾರದ ಆ ತಾಯಂದಿರಿಗೆ ಗೊತ್ತಿತ್ತು.

ಇನ್ನೊಂದು ಮಗ್ಗುಲನ್ನೂ ನೋಡಬೇಕು. ಮುಂಗಾರು ಕೈಕೊಟ್ಟಾಗ ನಮ್ಮ ಹಳ್ಳಿಗಳಲ್ಲಿ ಗುರ್ಜಿ ಆಡುತ್ತಾರೆ. ರೊಟ್ಟಿಯ ಹಂಚಿನ ಮೇಲೆ ಸೆಗಣಿಯ ಗುರ್ಜಿ ಮಾಡಿ, ಗರಿಕೆ ಸಿಕ್ಕಿಸಿ, ಹುಡುಗನ ತಲೆಯ ಮೇಲೆ ಹೊರಿಸಿ ಮನೆಮನೆಗೆ ಹೋಗುತ್ತಾರೆ. ಮನೆಯಾಕೆ ಒಂದು ತಂಬಿಗೆ ನೀರು ಸುರಿದು, ಮೊರದಲ್ಲಿ ಜೋಳವನ್ನೋ ಹಿಟ್ಟನ್ನೋ ತಂದು ನೀಡುತ್ತಾಳೆ. ಹುಡುಗ ಗರಗರ ತಿರುಗುತ್ತಾನೆ. ಕೂಡಿದ್ದನ್ನು ಬೇಯಿಸಿ ಎಲ್ಲರೂ ಉಣ್ಣುತ್ತಾರೆ. ನಮ್ಮ ಕೆಲವು ತರುಣ ಕಾರ್ಯಕರ್ತರು ಇದನ್ನು ಮೂಢನಂಬಿಕೆಯೆಂದು ನಗುವುದುಂಟು. ಸೆಗಣಿಗೆ ನೀರು ಸುರಿದರೆ ಮೋಡ ಕರಗದು, ಒಪ್ಪಿದೆವು. ಆದರೆ ಬರ ಬಂತೆಂದು ಸರ್ಕಾರ ಘೋಷಿಸುವುದಕ್ಕೆ ಎಷ್ಟೋ ಮೊದಲೇ, ಯಾರ ಮನೆಯಲ್ಲಿ ಕಾಳಿದೆ, ಯಾರ ಮೊರ ಬರಿದಾಗಿದೆ ಎಂಬುದನ್ನು ಆ ಹುಡುಗರು ಹೊಸ್ತಿಲು ಹೊಸ್ತಿಲಿಗೆ ಹೋಗಿ ಕಂಡು ಬಂದಿರುತ್ತಾರೆ. ಇಷ್ಟು ಕರಾರುವಾಕ್ಕಾದ ಪಟ್ಟಿ ಯಾವ ಕಚೇರಿಯಲ್ಲಿದೆ? ಕೇಳಬೇಕಾದ ಪ್ರಶ್ನೆ ಮತ್ತೊಂದಿದೆ: ಗುರ್ಜಿ ಕೇರಿಗೂ ಹೋಯಿತೇ? ಬೇಯಿಸಿದ್ದನ್ನು ಕೇರಿಯವರು ಎಲ್ಲರ ಪಂಕ್ತಿಯಲ್ಲಿ ಕುಳಿತು ಉಂಡರೇ? ನಗುವ ಬದಲು ಅಲ್ಲಿ ಹೋಗಿ ಇದನ್ನು ಕೇಳಿರಿ.

ಇದಲ್ಲದೆ ಹಣೆಬರಹದ ಮಾತೊಂದುಂಟು. ಕೊಡೇಕಲ್ಲು ಬಸವಣ್ಣನವರ ಕಾಲಜ್ಞಾನ ನಮ್ಮ ಸೀಮೆಯದೇ. ಬರ ಬಂದರೂ ಹೊಳೆ ಬಂದರೂ ಅದರಲ್ಲಿ ಮೊದಲೇ ಹೇಳಿತ್ತೆನ್ನುವವರು ಕಟ್ಟೆಯ ಮೇಲೆ ಒಬ್ಬರಾದರೂ ಸಿಗುತ್ತಾರೆ. ಹೇಳಿತ್ತಾದರೆ ಹಗೇವು ಯಾಕೆ ತುಂಬಿಸಲಿಲ್ಲವೆಂದು ನಾವು ಕೇಳುತ್ತೇವೆ, ಉತ್ತರ ಬರುವುದಿಲ್ಲ. ದೊಡ್ಡವರೂ ಈ ಜಾಡಿಗೆ ಬಿದ್ದದ್ದುಂಟು. 1934ರ ಜನವರಿ 15ರಂದು ಬಿಹಾರದಲ್ಲಿ ಭೂಕಂಪವಾಗಿ ಸಹಸ್ರಾರು ಜನ ಸತ್ತಾಗ, ಅದು ಅಸ್ಪೃಶ್ಯತೆಯ ಪಾಪಕ್ಕೆ ದೇವರು ಕೊಟ್ಟ ಶಿಕ್ಷೆ ಎಂದರು ಗಾಂಧೀಜಿ. ರವೀಂದ್ರನಾಥ ಠಾಕೂರರು ಒಪ್ಪಲಿಲ್ಲ. ಭೌತಿಕ ಘಟನೆಗೆ ಭೌತಿಕ ಕಾರಣವೇ ಇರಬೇಕೆಂದು ಬರೆದರು. ಈ ವಾದದಲ್ಲಿ ನಾವು ಠಾಕೂರರ ಕಡೆ. ಅಸ್ಪೃಶ್ಯತೆ ಭೂಮಿಯನ್ನು ನಡುಗಿಸುವುದಿಲ್ಲ. ಭೂಮಿ ನಡುಗಿದ ಮೇಲೆ, ಬಾವಿಯ ಬಳಿ ಯಾರು ಮೊದಲು, ಪರಿಹಾರದ ಸಾಲಿನಲ್ಲಿ ಯಾರು ಕೊನೆಗೆ ಎಂಬಲ್ಲಿ ಅದರ ಕೆಲಸ ಶುರುವಾಗುತ್ತದೆ.

ಈಗ ಹೊಳೆಯ ಮಾತಿಗೆ ಬರೋಣ. ನಮ್ಮದು ವಿಚಿತ್ರ ಸೀಮೆ: ಮಳೆಯಿಲ್ಲದೆ ಬರ, ನಮ್ಮಲ್ಲಿ ಮಳೆಯಿಲ್ಲದೆಯೇ ನೆರೆ. ಮಹಾರಾಷ್ಟ್ರದ ಘಟ್ಟದಲ್ಲಿ ಸುರಿದದ್ದು ಆಲಮಟ್ಟಿಗೆ ಬಂದು, ಅಲ್ಲಿಂದ ನಾರಾಯಣಪುರದ ಬಸವಸಾಗರಕ್ಕೆ ಬಂದು, ಗೇಟು ಎತ್ತಿದಾಗ ನಮ್ಮ ಹೊಲಕ್ಕೆ ನುಗ್ಗುತ್ತದೆ. 2019ರ ಆಗಸ್ಟಿನಲ್ಲಿ ಹೀಗೆ ಆರು ಲಕ್ಷ ಕ್ಯೂಸೆಕ್ಸಿಗೂ ಮೇಲೆ ನೀರು ಬಿಟ್ಟರು; ಶಹಾಪುರದಿಂದ ದೇವದುರ್ಗಕ್ಕೆ ಹೋಗುವ ಹೂವಿನಹೆಡಗಿ ಸೇತುವೆ ಮುಳುಗಿತು. 2020ರ ಅಕ್ಟೋಬರಿನಲ್ಲಿ ಭೀಮೆಯ ಸರದಿ. ಅಂದಮೇಲೆ ಇದು ಪೂರ್ತಿ ದೈವದ ಕೆಲಸವಲ್ಲ. ಗೇಟಿಗೆ ಕೀಲಿ ಇದೆ, ಕೀಲಿ ಮನುಷ್ಯರ ಕೈಯಲ್ಲಿದೆ, ನೀರು ಬರುವ ಮುನ್ನ ಸುದ್ದಿ ಬರುತ್ತದೆ. ಹಳೆಯ ರೂಢಿಯಲ್ಲಿ ಸುದ್ದಿಯನ್ನು ಊರಿಗೆ ಡಂಗುರ ಹೊಡೆದು ಸಾರುವವನು ಕೇರಿಯವನು. ಬಹಳ ಊರುಗಳಲ್ಲಿ ತಗ್ಗಿನಲ್ಲಿರುವುದೂ ಅವನ ಕೇರಿಯೇ. ಊರನ್ನು ಎಚ್ಚರಿಸಿ ಬರುವಷ್ಟರಲ್ಲಿ ಅವನ ಮನೆಗೇ ನೀರು ಹೊಕ್ಕಿರುತ್ತದೆ.

ಕಕ್ಕೇರಾ ಹತ್ತಿರ ಕೃಷ್ಣೆಯ ನಡುವೆ ನೀಲಕಂಠರಾಯನಗಡ್ಡಿ ಎಂಬ ನಡುಗಡ್ಡೆ ಇರುವುದು ನಿಮಗೆಲ್ಲ ಗೊತ್ತು. ಹೊಳೆ ತುಂಬಿದಾಗ ಅಲ್ಲಿಯ ಜನ ಒಣಗಿದ ಸೋರೆಬುರುಡೆಗಳನ್ನು ಮೈಗೆ ಕಟ್ಟಿಕೊಂಡು ಈಜಿ ಬರುತ್ತಿದ್ದರು. ಎಷ್ಟೋ ತಲೆಮಾರಿನ ವಿದ್ಯೆ ಅದು. ಅದಕ್ಕೆ ನಾವು ತಲೆಬಾಗುತ್ತೇವೆ. 2014ರ ಮಳೆಗಾಲದಲ್ಲಿ ತುಂಬು ಗರ್ಭಿಣಿಯೊಬ್ಬಳು ಹೆರಿಗೆಗಾಗಿ ಹೀಗೆಯೇ ಕೃಷ್ಣೆಯನ್ನು ಈಜಿ ದಡ ಸೇರಿದಳು. ಪತ್ರಿಕೆಗಳು ದೇಶದ ಉದ್ದಗಲಕ್ಕೂ ಅವಳ ಸಾಹಸವನ್ನು ಕೊಂಡಾಡಿದವು. ಗೆಳೆಯರೇ, ನಮಗೆ ಆ ಹೊಗಳಿಕೆ ಓದಿ ಸಿಟ್ಟು ಬಂತು. ಬೆಂಗಳೂರಿನಲ್ಲಿ ಬಸುರಿಯೊಬ್ಬಳು ಈಜಿ ಆಸ್ಪತ್ರೆಗೆ ಹೋಗಿದ್ದರೆ ಅದನ್ನು ಸಾಹಸವೆನ್ನುತ್ತಿದ್ದರೇ, ನಾಚಿಕೆಗೇಡು ಎನ್ನುತ್ತಿದ್ದರೇ? ಬಡವರ ತಾಳ್ಮೆಯನ್ನು ಹಾಡಿ ಹೊಗಳುವುದೂ ನಮ್ಮ ಸಂಸ್ಕೃತಿಯ ಒಂದು ರೂಢಿ. ಹೊಗಳಿದಷ್ಟು ದಿನ ಸೇತುವೆಯ ಮಾತು ಹಿಂದೆ ಬೀಳುತ್ತದೆ.

ಆ ಗಡ್ಡಿಯ ಜನ ಕರೆದರೂ ದಂಡೆಗೆ ಬರುವುದಿಲ್ಲ, ಮೊಂಡರು ಎಂದು ಅಧಿಕಾರಿಗಳು ಬೇಸರಪಡುತ್ತಾರೆ. ಎಮ್ಮೆ, ಕುರಿ, ಕಾಳಿನ ಚೀಲಗಳನ್ನು ಬಿಟ್ಟು ಬಾ ಎಂದರೆ ಒಕ್ಕಲಿಗ ಹೇಗೆ ಬಂದಾನು? ದನಕ್ಕೆ ಜಾಗವಿಲ್ಲದ ಆಸರೆ ಅವನಿಗೆ ಆಸರೆಯೇ ಅಲ್ಲ. 2009ರ ಸೆಪ್ಟೆಂಬರ್ ಕೊನೆ ಮತ್ತು ಅಕ್ಟೋಬರ್ ಮೊದಲ ದಿನಗಳಲ್ಲಿ ಉತ್ತರ ಕರ್ನಾಟಕದಲ್ಲಿ ಇನ್ನೂರಕ್ಕೂ ಹೆಚ್ಚು ಜನ ಸತ್ತರು. ಅವರಲ್ಲಿ ಬಹಳ ಮಂದಿ ಹೊಳೆಗೆ ಸಿಕ್ಕವರಲ್ಲ, ನೆನೆದ ಮಣ್ಣಿನ ಮಾಳಿಗೆ ಗೋಡೆ ಕುಸಿದು ಸತ್ತವರು. ಆಮೇಲೆ 'ಆಸರೆ' ಎಂಬ ಹೆಸರಿನಲ್ಲಿಯೇ ಮನೆಗಳು ಎದ್ದವು. ಎಷ್ಟೋ ಕಡೆ ಜನ ಹೋಗಿ ಇರಲಿಲ್ಲ. ಹೊಲ ದೂರ, ಕೊಟ್ಟಿಗೆ ಇಲ್ಲ, ಮೇವಿಗೆ ಜಾಗವಿಲ್ಲ. ಮನೆ ಹೇಗಿರಬೇಕೆಂದು ಮನೆಯಲ್ಲಿರುವ ಹೆಂಗಸನ್ನು ಒಬ್ಬರೂ ಕೇಳಿರಲಿಲ್ಲ.

ಗಂಜಿ ಕೇಂದ್ರದ ವಿಷಯವೂ ಹಾಗೆಯೇ. ಜೋಳದ ರೊಟ್ಟಿ ಉಣ್ಣುವ ನಾಡಿನಲ್ಲಿ ಗಂಜಿ ಕಾಯಿಲೆಯವನ ಊಟ. ಆ ಹೆಸರು ಕೇಳಿಯೇ ಮಾನಸ್ಥರು ಹಸಿದು ಮಲಗಿದ್ದುಂಟು. ಈಚೆಗೆ ಸರ್ಕಾರ ಹೆಸರು ಬದಲಿಸಿ ಕಾಳಜಿ ಕೇಂದ್ರ ಎಂದಿತು. ಒಳ್ಳೆಯದೇ. ಆದರೆ ಶಾಲೆಯ ಒಂದು ಕೋಣೆಯಲ್ಲಿ ಊರವರು, ಇನ್ನೊಂದರಲ್ಲಿ ಕೇರಿಯವರು ಮಲಗುವುದನ್ನು ಬೋರ್ಡು ಬದಲಿಸಿ ನಿಲ್ಲಿಸಲಾಗದು. ಅದಕ್ಕೆ ನಾವೇ ಹೋಗಿ ಅಲ್ಲಿ ಕುಳಿತು ಉಣ್ಣಬೇಕು.

ಪರಿಹಾರದ ಹಣದ ಮಾತು ಬೇಗ ಮುಗಿಸುತ್ತೇವೆ. 2023ರಲ್ಲಿ ರಾಜ್ಯದ 236 ತಾಲ್ಲೂಕುಗಳಲ್ಲಿ 223 ಬರಪೀಡಿತವೆಂದು ಘೋಷಣೆಯಾಯಿತು. ಕೇಂದ್ರದಿಂದ ನೆರವು ಪಡೆಯಲು ರಾಜ್ಯ ಸರ್ಕಾರ 2024ರಲ್ಲಿ ಸುಪ್ರೀಂ ಕೋರ್ಟಿನ ಕಟ್ಟೆ ಹತ್ತಿತು. ಹಣ ಬಂದರೂ ಅದು ಪಹಣಿಯಲ್ಲಿ ಹೆಸರಿದ್ದವನ ಖಾತೆಗೆ. ಪಾಲಿಗೆ ಮಾಡಿದವ, ಲಾವಣಿಗೆ ಹಿಡಿದವ, ಗಂಡ ಗುಳೆ ಹೋದ ಮೇಲೆ ಒಬ್ಬಳೇ ಬಿತ್ತಿದವಳು, ಇವರ ಬೆಳೆ ಒಣಗಿದ್ದು ಯಾವ ಕಾಗದದಲ್ಲಿಯೂ ಇಲ್ಲ. ಮಾತಿನ ಒಪ್ಪಂದಕ್ಕೆ ಬೆಲೆ ಕೊಡುವುದು ನಮ್ಮ ರೂಢಿ, ಕಚೇರಿಯ ರೂಢಿ ಬೇರೆ. ಒಡೆಯನಿಗೆ ಹಣ ಬಂದ ದಿನ ಆ ಮಾತಿನ ಒಪ್ಪಂದದ ನೆನಪೂ ಅವನಿಗೆ ಇರುವುದಿಲ್ಲ.

ಈಗ ಮಾಡಬೇಕಾದದ್ದು. ಮುಂದಿನ ಮಳೆಗಾಲಕ್ಕೆ ಮೊದಲು ಪ್ರತಿಯೊಬ್ಬ ಕಾರ್ಯಕರ್ತನೂ ತನ್ನ ಊರಿನ ಮೂರು ಪಟ್ಟಿ ಬರೆದು ತರಬೇಕು. ಒಂದು, ನೀರು ಮೊದಲು ಹೊಗುವ ಮನೆಗಳದು. ಎರಡನೆಯದು, ಪಹಣಿಯಿಲ್ಲದೆ ಉಳುವವರದು. ಒಡೆಯನ ಹೆಸರು ಪಕ್ಕದಲ್ಲಿರಲಿ. ಮೂರನೆಯದು, ಗುಳೆ ಹೋದ ಮನೆಗಳಲ್ಲಿ ಉಳಿದ ಮುದುಕರದು ಮತ್ತು ಮಕ್ಕಳದು. ಪಟ್ಟಿಯನ್ನು ಗ್ರಾಮಸಭೆಯಲ್ಲಿ ಗಟ್ಟಿಯಾಗಿ ಓದಿರಿ, ಠರಾವಿನಲ್ಲಿ ಬರೆಸಿರಿ, ನಕಲನ್ನು ತಹಶೀಲ್ದಾರರಿಗೆ ಕೊಟ್ಟು ಮೊಹರು ಹಾಕಿಸಿಕೊಳ್ಳಿರಿ. ಗುರ್ಜಿ ಹೊರಡುವ ಊರಿನಲ್ಲಿ ಅದರ ಹಿಂದೆಯೇ ಹೋಗಿರಿ, ಎಲ್ಲ ಹೊಸ್ತಿಲೂ ಸಿಗುತ್ತದೆ. ಹೊಳೆದಂಡೆಯ ಊರುಗಳಲ್ಲಿ ದನಗಳಿಗೆ ಎತ್ತರದ ಜಾಗ ಯಾವುದೆಂದು ಕುರಿಗಾರರನ್ನು ಕೇಳಿರಿ. ಕಕ್ಕೇರಾ ಕಡೆಯ ಕೆಲಸವನ್ನು ಇಬ್ಬರು ವಹಿಸಿಕೊಂಡಿದ್ದಾರೆ. ಕೊಳ್ಳೂರು ಕಡೆಗೆ ಇನ್ನೂ ಯಾರೂ ಇಲ್ಲ. ಸಭೆ ಮುಗಿಯುವ ಮೊದಲು ಹೆಸರು ಕೊಡಿರಿ.