ಚಪ್ಪಾಳೆಗೆ ಕಾಯದ ಮೇಳ



ಡೊಳ್ಳಿನ ಮೇಳದವರಿಗೆ ನೋಡುವವರ ಕೇಕೆಯೇ ಅರ್ಧ ಬಲವೆಂಬುದನ್ನು ತಾವು ಬಲ್ಲಿರಿ. ಅಮೆರಿಕದ ‘ಡ್ರಮ್ ಕೋರ್’ ಮೇಳಗಳ ಪಾಡೂ ಅದೇ. ಹಿತ್ತಾಳೆಯ ತುತ್ತೂರಿ, ನಗಾರಿ, ಬಾವುಟಗಳನ್ನು ಹಿಡಿದ ನೂರಕ್ಕೂ ಮಿಕ್ಕ ತರುಣ ತರುಣಿಯರು ಬಯಲಿನಲ್ಲಿ ನುಡಿಸುತ್ತಲೇ ವ್ಯೂಹ ಕಟ್ಟುತ್ತಾರೆ. 1972ರಿಂದ ಇದಕ್ಕೆ ರಾಷ್ಟ್ರಮಟ್ಟದ ಪಂದ್ಯವುಂಟು. ಅಂಕ ಕೊಡುವವರು ತೀರ್ಪುಗಾರರೇ, ನಿಜ. ಆದರೂ ತುತ್ತೂರಿಗಳೆಲ್ಲ ಒಮ್ಮೆಗೇ ಜನರತ್ತ ತಿರುಗಿ ಮೊಳಗಿದಾಗ ಜನ ಎದ್ದು ನಿಲ್ಲಬೇಕು. ಆ ಗಳಿಗೆಗಾಗಿಯೇ ಆಟವನ್ನು ಹೆಣೆಯುವುದು ವಾಡಿಕೆ.

1993ರಲ್ಲಿ ‘ಸ್ಟಾರ್ ಆಫ್ ಇಂಡಿಯಾನಾ’ ಈ ವಾಡಿಕೆಯನ್ನು ಮುರಿಯಿತು. 1991ರಲ್ಲಿ ಗೆದ್ದಿದ್ದ ಮೇಳವದು. ಈ ಸಲ ಎತ್ತಿಕೊಂಡದ್ದು ಬಾರ್ಬರ್, ಬಾರ್ಟೋಕರ ಬಿರುಸಾದ ಸಂಗೀತ. ಚಪ್ಪಾಳೆಗೆ ಎಡೆಯೇ ಕಡಿಮೆ. ಜನ ತಬ್ಬಿಬ್ಬಾದರು; ಕೆಲವರು ಕೂಗಿ ಹಳಿದರು. ಮಿಸಿಸಿಪ್ಪಿಯ ಜಾಕ್ಸನ್ ನಗರದ ಅಂತಿಮ ಪಂದ್ಯದಲ್ಲಿ ‘ಕೆಡೆಟ್ಸ್’ ಮೇಳಕ್ಕೆ 97.4, ಸ್ಟಾರ್‌ಗೆ 97.3! ಆ ಮೇಳ ಮತ್ತೆ ಪಂದ್ಯಕ್ಕಿಳಿಯಲಿಲ್ಲ. ರಂಗಮಂದಿರ ಹೊಕ್ಕಿತು, ಅದರಿಂದ ಹುಟ್ಟಿದ ‘ಬ್ಲಾಸ್ಟ್’ 2001ರಲ್ಲಿ ಬ್ರಾಡ್‌ವೇ ಏರಿತು.

ಸೋತ ಆ ಆಟದ ಮೈಚಲನೆಯನ್ನೂ ಸಂಗೀತದ ಆಯ್ಕೆಯನ್ನೂ ಮುಂದಿನ ಮೇಳಗಳು ಅಭ್ಯಸಿಸಿದವು. ಅಂದು ಹಳಿದದ್ದನ್ನು ಇಂದು ಕೊಂಡಾಡುವವರುಂಟು. ತಣ್ಣನೆಯ ಮುಖಗಳೆದುರು ಬೇಸಿಗೆಯುದ್ದಕ್ಕೂ ಅದನ್ನೇ ನುಡಿಸಿದ ಆ ಮಕ್ಕಳ ಎದೆಗಾರಿಕೆಗೆ ನಾನಂತೂ ಮನಸೋತಿದ್ದೇನೆ.