ಹೊಗೆ ಬಿಟ್ಟವನ ನಾಲಗೆ

ಮನಸ್ಸು ಗಟ್ಟಿಯಾಗಿದ್ದರೆ ಸಿಗರೇಟು ಬಿಡುವುದು ಏನು ಮಹಾ ಎಂದು ಹೇಳುವವರು ಸಾಮಾನ್ಯವಾಗಿ ಆ ಚಟವನ್ನೇ ಕಾಣದವರು. ಚಟವಿದ್ದವನನ್ನು ಕೇಳಿದರೆ ಆತ ಬೇರೆ ಮಾತನ್ನೇ ಹೇಳುತ್ತಾನೆ. ಊಟವಾದ ಮೇಲೆ ಕೈ ತಾನಾಗಿ ಜೇಬನ್ನು ತಡಕುತ್ತದೆ. ಕಾಫಿ ಇಳಿದ ಮೇಲೆ ಗಂಟಲು ಏನನ್ನೋ ಕೇಳುತ್ತದೆ. ನಾಲಗೆಗೆ ಯಾವುದೂ ಹಿಡಿಸದೆ ಹೋಗುತ್ತದೆ. ರಕ್ತಕ್ಕೆ ನಿಕೋಟಿನ್ ಬೇಕೆಂಬುದು ನಿಜ. ಆದರೆ ಬಾಯಿಗೆ ರುಚಿಯೂ ಬೇಕು. ಈ ಎರಡನೆಯ ಬೇಡಿಕೆಯನ್ನು ನಾವು ಲಘುವಾಗಿ ಕಾಣುತ್ತೇವೆ. ಅನೇಕರು ಮರಳಿ ಸಿಗರೇಟಿಗೆ ಹೋಗುವುದು ಈ ಬಾಗಿಲಿನಿಂದಲೇ.

ಇಂಗ್ಲೆಂಡು ಮೊದಲಾದ ದೇಶಗಳಲ್ಲಿ ಸಿಗರೇಟನ್ನು ಬಿಡುವವರು ವಿದ್ಯುತ್ ಸಿಗರೇಟನ್ನು, ಅಂದರೆ ಅಲ್ಲಿನವರು ವೇಪ್ ಎಂದು ಕರೆಯುವ ಉಪಕರಣವನ್ನು, ಹಿಡಿಯುವುದುಂಟು. ಅದರೊಳಗೆ ಹಾಕುವ ದ್ರವಕ್ಕೆ ನೂರಾರು ಬಗೆಯ ರುಚಿಗಳು. ಆ ಸಂತೆಯಲ್ಲಿ ತನಗೆ ಒಗ್ಗುವುದನ್ನು ಹಣ ಪೋಲಾಗದಂತೆ ಹುಡುಕಿಕೊಳ್ಳುವುದು ಹೇಗೆ ಎಂಬುದು ಇಂದಿನ ವಿಷಯ. ಈ ಉಪಕರಣದ ಮಾರಾಟ ನಮ್ಮ ದೇಶದಲ್ಲಿ ಕಾನೂನಿಗೆ ವಿರುದ್ಧ. ಆ ಮಾತಿಗೆ ಮುಂದೆ ಬರುತ್ತೇನೆ. ಆದರೂ ಈ ಸಂಗತಿ ನಮಗೆ ತೀರ ದೂರದ್ದಲ್ಲ. ನಮ್ಮ ಎಷ್ಟೋ ಮನೆಗಳ ಮಕ್ಕಳು, ಅಳಿಯಂದಿರು, ತಮ್ಮಂದಿರು ಆ ನಾಡಿನಲ್ಲಿದ್ದಾರೆ. ಮೇಲಾಗಿ, ಹೊಗೆ ಬಿಟ್ಟವನ ನಾಲಗೆ ಎಲ್ಲಿಯಾದರೂ ಒಂದೇ.

ಮೊದಲು ವಸ್ತುವಿನ ಪರಿಚಯ ಮಾಡಿಕೊಳ್ಳೋಣ. ಸುಗಂಧದ್ರವ್ಯಗಳ ಹೊಗೆಯನ್ನು ಸೇದುವುದು ಹೊಸದಲ್ಲ. ಚರಕಸಂಹಿತೆಯ ಸೂತ್ರಸ್ಥಾನದ 5ನೆಯ ಅಧ್ಯಾಯದಲ್ಲಿಯೇ ಏಲಕ್ಕಿ, ಶ್ರೀಗಂಧ, ಲಾವಂಚ ಮೊದಲಾದುವನ್ನು ಅರೆದು ಮಾಡಿದ ಧೂಮವರ್ತಿಯ ವಿಚಾರವಿದೆ. ಮಿತಿಮೀರಿ, ಹೊತ್ತಲ್ಲದ ಹೊತ್ತಿನಲ್ಲಿ ಸೇದಿದರೆ ಆಗುವ ಕೇಡುಗಳ ಪಟ್ಟಿಯೂ ಅಲ್ಲಿಯೇ ಇದೆ. ಉರಿಯದ ಸಿಗರೇಟಿನ ಕಥೆ ಈಚಿನದು. ಹರ್ಬರ್ಟ್ ಗಿಲ್ಬರ್ಟ್ ಎಂಬ ಅಮೆರಿಕದವನು ತಂಬಾಕೂ ಹೊಗೆಯೂ ಇಲ್ಲದ ಸಿಗರೇಟಿಗೆ 1963ರಲ್ಲಿ ಅರ್ಜಿ ಹಾಕಿ 1965ರಲ್ಲಿ ಪೇಟೆಂಟು ಪಡೆದನು. ಅದು ಪೇಟೆಗೆ ಬರಲಿಲ್ಲ. ಈಗಿನ ಬಗೆಯದನ್ನು 2003ರಲ್ಲಿ ರೂಪಿಸಿದವನು ಚೀನಾದ ಔಷಧಜ್ಞ ಹೊನ್ ಲಿಕ್. ಅವನ ತಂದೆ ಸತ್ತುದು ಶ್ವಾಸಕೋಶದ ಕ್ಯಾನ್ಸರಿನಿಂದ.

ಈ ಉಪಕರಣದಲ್ಲಿ ಒಂದು ಪುಟ್ಟ ಬ್ಯಾಟರಿ, ಒಂದು ಕಾದ ತಂತಿಸುರುಳಿ, ಒಂದು ದ್ರವದ ತೊಟ್ಟಿ, ಇಷ್ಟೇ. ದ್ರವದಲ್ಲಿರುವುದು ಪ್ರೊಪಿಲೀನ್ ಗ್ಲೈಕಾಲ್, ಗ್ಲಿಸರಿನ್, ಬೇಕಾದಷ್ಟು ನಿಕೋಟಿನ್ ಮತ್ತು ಪರಿಮಳದ ಸಾರ. ಮೊದಲನೆಯದು ತೆಳು, ಪರಿಮಳವನ್ನು ಚೆನ್ನಾಗಿ ಹೊರುತ್ತದೆ. ಎರಡನೆಯದು ಮಂದ, ಆವಿಯನ್ನು ದಟ್ಟವಾಗಿಸುತ್ತದೆ. ಇಲ್ಲಿ ಯಾವುದೂ ಉರಿಯುವುದಿಲ್ಲವಾದ ಕಾರಣ ಸಿಗರೇಟಿನ ಟಾರು, ಕಾರ್ಬನ್ ಮಾನಾಕ್ಸೈಡುಗಳ ಕಾಟವಿಲ್ಲ. ಹಾಗೆಂದು ಇದು ನಿರಪಾಯವೂ ಅಲ್ಲ. ಸಿಗರೇಟಿಗಿಂತ ಇದರ ಹಾನಿ ಬಹಳ ಕಡಿಮೆ, ಆದರೆ ಸೇದದವರೂ ಮಕ್ಕಳೂ ಇದನ್ನು ಮುಟ್ಟಲೇಬಾರದು ಎಂದು ಬ್ರಿಟನ್ನಿನ ಎನ್.ಎಚ್.ಎಸ್. ಆರೋಗ್ಯ ಸೇವೆ ಹೇಳುತ್ತದೆ.

ಇನ್ನು ರುಚಿಯ ವಿಚಾರ. ನಮ್ಮ ಹಿರಿಯರು ಷಡ್ರಸಗಳೆಂದರು. ಇಂದಿನ ಶರೀರಶಾಸ್ತ್ರಜ್ಞರು ನಾಲಗೆಗೆ ತಿಳಿಯುವ ಮೂಲರುಚಿಗಳನ್ನು ಸಾಮಾನ್ಯವಾಗಿ ಐದೆಂದು ಎಣಿಸುತ್ತಾರೆ. ಉಳಿದುದೆಲ್ಲ ಮೂಗಿನ ಕೆಲಸ. ನೆಗಡಿಯಾದಾಗ ಸಾರು ಬಿಸಿನೀರಿನಂತಾಗುವುದು ಇದರಿಂದಲೇ. ನಾಲಗೆಯ ರುಚಿ ಮತ್ತು ಮೂಗಿನ ವಾಸನೆ ಸೇರಿ ಆಗುವ ಮೂರನೆಯ ಸಂಗತಿಗೆ ಕನ್ನಡದಲ್ಲಿ ಒಂದು ಸೊಗಸಾದ ಮಾತಿದೆ: ಸೊಗಡು. ಅವರೆಕಾಯಿಯ ಸೊಗಡೆಂದರೆ ಯಾರಿಗೂ ವಿವರಣೆ ಬೇಕಿಲ್ಲ. ವೇಪಿನ ದ್ರವದ ಅಂಗಡಿಯಲ್ಲಿ ಮಾರುವುದು ಈ ಸೊಗಡನ್ನೇ.

ಬಹುಕಾಲ ಸಿಗರೇಟು ಸೇದಿದವನ ಮೂಗು ಮಂಕಾಗಿರುತ್ತದೆ. ಬಿಟ್ಟ 2 ದಿನಗಳಲ್ಲೇ ರುಚಿ, ವಾಸನೆಗಳು ಚುರುಕಾಗತೊಡಗುತ್ತವೆ. ಮುಂದೆ ವಾರಗಳ ಕಾಲ ಅದು ಹೆಚ್ಚುತ್ತ ಹೋಗಬಹುದು. ಆದುದರಿಂದ ಮೊದಲ ವಾರ ಮೆಚ್ಚಿದ ಸೊಗಡು ಆರನೆಯ ವಾರದಲ್ಲಿ ಹೊಟ್ಟೆ ತೊಳಸಬಹುದು. ಮೊದಲು ಸಪ್ಪೆಯೆನಿಸಿದ್ದು ಆಮೇಲೆ ಹಿತವಾಗಬಹುದು. ಮಿತವ್ಯಯದ ಮೊದಲ ಸೂತ್ರ ಇಲ್ಲಿಯೇ ಇದೆ: ಆರಂಭದಲ್ಲಿ ದೊಡ್ಡ ಸೀಸೆಯನ್ನು ಕೊಳ್ಳಬಾರದು. ನಾಲಗೆ ಬದಲಾಗುತ್ತಿರುವಾಗ ನಾಲಗೆಯ ಮಾತಿನ ಮೇಲೆ ತಿಂಗಳ ಸಾಮಾನು ತುಂಬುವುದು ಜಾಣತನವಲ್ಲ.

ಎರಡನೆಯ ಸಂಗತಿ, ತಂಬಾಕಿನ ಸೊಗಡಿನ ಮೋಹ. ಸಿಗರೇಟು ಬಿಟ್ಟವನು ಅಂಗಡಿಗೆ ಹೋದರೆ ಮೊದಲು ಕೇಳುವುದು ತಂಬಾಕಿನ ರುಚಿಯನ್ನೇ. ಆದರೆ ಅವನಿಗೆ ಬೇಕಾದದ್ದು ತಂಬಾಕಲ್ಲ, ಉರಿದ ತಂಬಾಕು. ಕೆಂಡದಲ್ಲಿ ಸುಟ್ಟ ಬದನೆಕಾಯಿಯ ಗೊಜ್ಜಿನ ಆಸೆಯಿಂದ ಬದನೆಕಾಯಿಯನ್ನು ನೀರಿನಲ್ಲಿ ಬೇಯಿಸಿದರೆ ಏನಾದೀತು? ಕಾಯಿ ಅದೇ, ಸೊಗಡು ಅದಲ್ಲ. ಬರಿಯ ಕಾವಿನಲ್ಲಿ ಆವಿಯಾಗುವ ದ್ರವವು ಉರಿಯ ರುಚಿಯನ್ನು ಕೊಡಲಾರದು.

ಲೆಸ್ಟರ್ ನಗರದಲ್ಲಿರುವ ನನ್ನ ಭಾವಮೈದುನನಿಗೆ ಆದುದು ಹೀಗೆಯೇ. ಮೂವತ್ತು ವರ್ಷ ಸೇದಿದ ಆಳು. ಮಹಡಿಯ ಮೆಟ್ಟಿಲನ್ನು ಒಂದೇ ಉಸಿರಿಗೆ ಹತ್ತಲಾಗದೆ ಹೋದಾಗ ವೈದ್ಯರು ಕಟುವಾಗಿಯೇ ಹೇಳಿದರು. ಅವನು ತಂಬಾಕಿನ ಸೊಗಡಿನವೇ ಮೂರು ಸೀಸೆ ತಂದ. "ಭಾವ, ಒದ್ದೆ ರಟ್ಟನ್ನು ಜಗಿದ ಹಾಗಿದೆ," ಎಂದು ಫೋನಿನಲ್ಲಿ ಗೋಳಾಡಿದ. ನಾಲ್ಕನೆಯ ದಿನ ಮತ್ತೆ ಸಿಗರೇಟು. ಮನೆಯಲ್ಲಿ ಅಕ್ಕ ತಮ್ಮಂದಿರ ನಡುವೆ ಮಾತು ನಿಂತುಹೋಯಿತು. ಎರಡು ತಿಂಗಳ ಮೇಲೆ ಮತ್ತೊಮ್ಮೆ ಹೊರಟಾಗ ಅವನು ನಾಲ್ಕು ಬೇರೆ ಬೇರೆ ಸಣ್ಣ ಸೀಸೆ ತಂದ: ಒಂದು ಪುದೀನ, ಒಂದು ನಿಂಬೆ, ಒಂದು ಕಾಡುಹಣ್ಣು, ಒಂದು ಕಾಫಿ. ಮೇಷ್ಟರಾದ ನಾನು ಕೊಟ್ಟ ಸಲಹೆ ಒಂದೇ: ಒಂದು ನೋಟುಪುಸ್ತಕವಿಟ್ಟು, ಯಾವ ಹೊತ್ತಿಗೆ ಯಾವುದು ಹಿಡಿಸಿತು, ಯಾವುದು ಸಿಗರೇಟನ್ನು ಮರೆಸಿತು ಎಂದು ಬರೆದುಕೊಳ್ಳಯ್ಯ ಎಂದೆ. ಪರೀಕ್ಷೆಯಲ್ಲಿ ತೇರ್ಗಡೆಯಾದದ್ದು ನಿಂಬೆ. ಊಟದ ಮೇಲೆ ಮಾತ್ರ ಪುದೀನ. ಕಾಫಿ ನಪಾಸು. ನಿಜವಾದ ಕಾಫಿ ಕುಡಿಯುವ ಕನ್ನಡಿಗನಿಗೆ ಆ ಕಾಫಿ ಹಿಡಿಸೀತೆ?

ರುಚಿಯ ಆಯ್ಕೆಯನ್ನು ಆಯಾ ಮನುಷ್ಯನಿಗೇ ಬಿಡುವ ಕ್ರಮವು ಒಂದು ದೊಡ್ಡ ಪರೀಕ್ಷೆಯಲ್ಲಿಯೂ ಇದ್ದಿತು. 2019ರಲ್ಲಿ ಪ್ರಕಟವಾದ ಇಂಗ್ಲೆಂಡಿನ ಪ್ರಯೋಗವೊಂದರಲ್ಲಿ 886 ಜನ ಭಾಗವಹಿಸಿದರು. ಒಂದು ಗುಂಪಿಗೆ ನಿಕೋಟಿನ್ ಗಮ್ಮು, ಪಟ್ಟಿ ಮುಂತಾದುವು. ಇನ್ನೊಂದು ಗುಂಪಿಗೆ ಮತ್ತೆ ಮತ್ತೆ ತುಂಬಬಹುದಾದ ಉಪಕರಣ, ಜೊತೆಗೆ ಒಂದೇ ಒಂದು ಸೀಸೆ ದ್ರವ. ಮುಂದಿನದನ್ನು ನಿಮಗೆ ಹಿಡಿಸುವ ರುಚಿ ಮತ್ತು ಬಲ ನೋಡಿ ನೀವೇ ಕೊಳ್ಳಿರಿ ಎಂದು ಹೇಳಲಾಯಿತು. ಎರಡೂ ಗುಂಪಿಗೆ ವಾರವಾರವೂ ತಿಳಿವಳಿಕೆಯ ಮಾತಿನ ಬೆಂಬಲವಿತ್ತು. ವರ್ಷದ ಕೊನೆಗೆ ಸಿಗರೇಟಿನಿಂದ ದೂರವಿದ್ದವರು ಮೊದಲ ಗುಂಪಿನಲ್ಲಿ ನೂರಕ್ಕೆ 9.9, ಎರಡನೆಯದರಲ್ಲಿ 18. ಇದಕ್ಕೆ ರುಚಿಯೊಂದೇ ಕಾರಣವೆಂದು ಹೇಳಲಾಗದು. ಆದರೆ ಗೆದ್ದವರು ಯಾರೋ ಆರಿಸಿಕೊಟ್ಟ ರುಚಿಗೆ ಕಟ್ಟುಬಿದ್ದವರಲ್ಲ.

ಈಗ ಹಣದ ಲೆಕ್ಕ. ಬ್ರಿಟನ್ನಿನ 2016ರ ನಿಯಮಗಳ ಪ್ರಕಾರ ನಿಕೋಟಿನ್ ಇರುವ ದ್ರವದ ಸೀಸೆ 10 ಮಿಲಿಲೀಟರನ್ನು ಮೀರುವಂತಿಲ್ಲ. ಒಂದು ಮಿಲಿಲೀಟರಿನಲ್ಲಿ 20 ಮಿಲಿಗ್ರಾಮಿಗಿಂತ ಹೆಚ್ಚು ನಿಕೋಟಿನ್ ಇರುವಂತಿಲ್ಲ. ರುಚಿ ನೋಡುವವನಿಗೆ ಈ ಸಣ್ಣ ಸೀಸೆಯೇ ವರ. ಅಲ್ಲಿ ಇಪ್ಪತ್ತು ಸಿಗರೇಟಿನ ಪೆಟ್ಟಿಗೆಯ ಬೆಲೆ 2024ರಲ್ಲಿಯೇ 15 ಪೌಂಡನ್ನು ದಾಟಿದ್ದಿತು. ಆ ಹಣದಲ್ಲಿ ಮೂರು ನಾಲ್ಕು ಸಣ್ಣ ಸೀಸೆಗಳು ಬರುತ್ತಿದ್ದುವು.

ರುಚಿ ನಿಂತ ಮೇಲೆ, ಅಂದರೆ ನೋಟುಪುಸ್ತಕದಲ್ಲಿ ಒಂದೇ ಹೆಸರು ಮೂರು ನಾಲ್ಕು ವಾರ ಬಂದ ಮೇಲೆ, ದೊಡ್ಡ ಸೀಸೆಯ ಯೋಚನೆ ಮಾಡಬಹುದು. 60 ಮಿಲಿಲೀಟರಿನ ಸೀಸೆಯಲ್ಲಿ ನಿಕೋಟಿನ್ ಇಲ್ಲದ 50 ಮಿಲಿಲೀಟರ್ ದ್ರವವನ್ನಿಟ್ಟು ಮಾರುತ್ತಾರೆ. ಉಳಿದ ಜಾಗಕ್ಕೆ 18 ಮಿಲಿಗ್ರಾಮಿನ 10 ಮಿಲಿಲೀಟರ್ ಸೀಸೆಯನ್ನು ಸುರಿದರೆ ಹತ್ತು ಹದಿನೆಂಟಲಿ ನೂರ ಎಂಬತ್ತು. ಅದನ್ನು ಅರವತ್ತರಿಂದ ಭಾಗಿಸಿದರೆ ಮಿಲಿಲೀಟರಿಗೆ 3 ಮಿಲಿಗ್ರಾಮು. ದಿನಕ್ಕೊಂದು ಪೆಟ್ಟಿಗೆ ಸೇದುತ್ತಿದ್ದವನಿಗೆ ಸಣ್ಣ ಉಪಕರಣದಲ್ಲಿ ಈ ಬಲ ಸಾಲದು. ನಿಕೋಟಿನ್ ಸಾಲದೆ ಚಡಪಡಿಸುವಾತ ದೋಷವನ್ನು ರುಚಿಯ ಮೇಲೆ ಹೊರಿಸಿ ಸೀಸೆಯ ಮೇಲೆ ಸೀಸೆ ಬದಲಿಸುತ್ತಾನೆ. ಮೊದಲು ಬಲ ಸರಿಹೋಗಲಿ, ಆಮೇಲೆ ರುಚಿ, ಕೊನೆಗೆ ಉಳಿತಾಯ. ಕ್ರಮ ತಪ್ಪಿದರೆ ಮೂರೂ ಕೆಡುತ್ತವೆ.

ಸಣ್ಣಪುಟ್ಟ ಉಳಿತಾಯಗಳೂ ಉಂಟು. ಅತಿ ಸಿಹಿಯಾದ ದ್ರವಗಳು ತಂತಿಸುರುಳಿಗೆ ಬೇಗ ಕರಿಕು ಹಿಡಿಸುತ್ತವೆ. ಸುರುಳಿಯ ಖರ್ಚು ಹೆಚ್ಚುತ್ತದೆ. ರುಚಿ ಬದಲಿಸುವಾಗ ತೊಟ್ಟಿಯನ್ನು ತೊಳೆದು ಒಣಗಿಸಿದರೆ ಹಳೆಯದರ ವಾಸನೆ ಹೊಸದಕ್ಕೆ ಅಂಟದು. ಒಂದೇ ಸೊಗಡನ್ನು ದಿನವಿಡೀ ಸೇದಿದರೆ ಮೂಗು ಅದಕ್ಕೆ ಒಗ್ಗಿ ಸಪ್ಪೆಯೆನಿಸುತ್ತದೆ. ಆಗ ಸೀಸೆಯನ್ನು ಎಸೆಯದೆ, ನೀರು ಕುಡಿದು, ಎರಡು ದಿನ ಬೇರೊಂದನ್ನು ಬಳಸಿದರೆ ಸಾಕು. ಒಮ್ಮೆ ಬಳಸಿ ಬಿಸಾಡುವ ಉಪಕರಣಗಳನ್ನು ಬ್ರಿಟನ್ನಿನಲ್ಲಿ 1 ಜೂನ್ 2025ರಿಂದ ನಿಷೇಧಿಸಿದ್ದಾರೆ. ತುಂಬಿ ಬಳಸುವುದೇ ಅಗ್ಗವೂ ಹೌದು. 10 ಮಿಲಿಲೀಟರಿಗೆ 2.20 ಪೌಂಡಿನಂತೆ 1 ಅಕ್ಟೋಬರ್ 2026ರಿಂದ ತೆರಿಗೆ ಎಂದು ಅಲ್ಲಿನ ಸರಕಾರ 2024ರಲ್ಲಿ ಸಾರಿತು. ನಿಕೋಟಿನ್ ಇರಲಿ ಬಿಡಲಿ, ತೆರಿಗೆ ಒಂದೇ. 60 ಮಿಲಿಲೀಟರಿಗೆ 13.20 ಪೌಂಡು. ಹೀಗಾಗಿ ಹಿಡಿಸದ ಒಂದು ದೊಡ್ಡ ಸೀಸೆಯೆಂದರೆ ಇನ್ನೂ ದೊಡ್ಡ ನಷ್ಟ.

ಅಗ್ಗದ ಹೆಸರಿನಲ್ಲಿ ಮಾಡಬಾರದ ಕೆಲಸವೊಂದುಂಟು. ಅಡಿಗೆಮನೆಯ ಎಸೆನ್ಸನ್ನೋ ಲವಂಗದ ಎಣ್ಣೆಯನ್ನೋ ಇದರಲ್ಲಿ ಬೆರೆಸಲೇಬಾರದು. ಹೊಟ್ಟೆಗೆ ಹಿತವಾದುದು ಶ್ವಾಸಕೋಶಕ್ಕೆ ಹಿತವಲ್ಲ. ಎಣ್ಣೆಯಂತೂ ಅಲ್ಲಿ ವಿಷವೇ. ಬೆಣ್ಣೆಯ ವಾಸನೆ ಕೊಡುವ ಡೈಅಸಿಟೈಲ್ ತಿನ್ನುವುದಕ್ಕೆ ತೊಂದರೆಯಿಲ್ಲದಿದ್ದರೂ ಅದರ ಆವಿಯನ್ನು ಉಸಿರಾಡಿದ ಅಮೆರಿಕದ ಕಾರ್ಖಾನೆಯ ಕೆಲಸಗಾರರ ಶ್ವಾಸಕೋಶ ಕೆಟ್ಟಿತು. ಬ್ರಿಟನ್ನಿನಲ್ಲಿ ಈ ದ್ರವಗಳಿಗೆ ಅದನ್ನು ಬೆರೆಸುವಂತಿಲ್ಲ. 2019ರಲ್ಲಿ ಅಮೆರಿಕದಲ್ಲಿ ಕಳ್ಳಪೇಟೆಯ ಗಾಂಜಾಸಾರದ ದ್ರವಗಳಿಗೆ ವಿಟಮಿನ್ ಈ ಅಸಿಟೇಟ್ ಎಂಬ ಎಣ್ಣೆಯನ್ನು ಬೆರೆಸಿದುದೇ ಮುಖ್ಯ ಕಾರಣವಾಗಿ, ಫೆಬ್ರವರಿ 2020ರ ಹೊತ್ತಿಗೆ 68 ಜನ ಸತ್ತರು. ನಿಕೋಟಿನ್ ದ್ರವವೂ ವಿಷ. ಮಕ್ಕಳ ಕೈಗೆ ಸಿಗದಂತೆ ಬೀಗದಲ್ಲಿರಬೇಕು.

ಸೊಗಡಿಗೆ ಇನ್ನೊಂದು ಮುಖವಿದೆ. ಸೇದುವವನನ್ನು ಸಿಗರೇಟಿನಿಂದ ಈಚೆಗೆ ಎಳೆಯುವ ಮಾವಿನ ರುಚಿ, ಸೇದದ ಹುಡುಗನನ್ನು ಒಳಗೂ ಎಳೆಯುತ್ತದೆ. ಹೈಸ್ಕೂಲು ಮೇಷ್ಟರಾದವರಿಗೆ ಇದನ್ನು ವಿವರಿಸಬೇಕಾಗಿಲ್ಲ. ಕರ್ನಾಟಕದಲ್ಲಿ 2016ರಲ್ಲಿಯೇ ಇದರ ಮಾರಾಟವನ್ನು ನಿಷೇಧಿಸಿದರು. 2019ರಲ್ಲಿ ಭಾರತ ಸರಕಾರವು ತಯಾರಿಕೆ, ಆಮದು, ಮಾರಾಟ, ಜಾಹೀರಾತುಗಳನ್ನು ನಿಷೇಧಿಸಿತು. ಮೊದಲ ಸಲದ ಅಪರಾಧಕ್ಕೆ 1 ವರ್ಷದವರೆಗೆ ಸೆರೆ, ಇಲ್ಲವೆ 1 ಲಕ್ಷ ರೂಪಾಯಿಯವರೆಗೆ ದಂಡ, ಇಲ್ಲವೆ ಎರಡೂ. ಆದುದರಿಂದ ರಜೆಗೆ ಬರುವ ಮಗನು ಅಪ್ಪನ ಬೀಡಿ ಬಿಡಿಸಲೆಂದು ಇದನ್ನು ಪೆಟ್ಟಿಗೆಯಲ್ಲಿ ತರುವುದು ಬೇಡ.

ಹಾಗಾದರೆ ಇಲ್ಲಿನ ಅಪ್ಪ ಏನು ಮಾಡಬೇಕು? ನಾಲಗೆಯ ಸೂತ್ರ ಇಲ್ಲಿಯೂ ಅದೇ. ನಿಕೋಟಿನ್ ಗಮ್ಮು ಔಷಧದಂಗಡಿಯಲ್ಲಿ ಸಿಗುತ್ತದೆ. 2 ಮಿಲಿಗ್ರಾಮಿನದಕ್ಕೆ ವೈದ್ಯರ ಚೀಟಿ ಬೇಕಿಲ್ಲ. ಅದರಲ್ಲೂ ಪುದೀನ ಮೊದಲಾದ ರುಚಿಗಳುಂಟು. ಸಣ್ಣ ಪೊಟ್ಟಣ ತಂದು ನೋಡಬೇಕು. ಸುಮ್ಮನೆ ಜಗಿಯುತ್ತಲೇ ಇರಬಾರದು; ಖಾರ ತಿಳಿದೊಡನೆ ನಿಲ್ಲಿಸಿ ದವಡೆಗೆ ಒತ್ತಿಟ್ಟು, ಖಾರ ಇಳಿದಮೇಲೆ ಮತ್ತೆ ಜಗಿಯಬೇಕು. ಜೊತೆಗೆ ಏಲಕ್ಕಿ, ಸೋಂಪು, ಒಣಗಿದ ನೆಲ್ಲಿಕಾಯಿ ಜೇಬಿನಲ್ಲಿರಲಿ; ಗುಟ್ಕಾ, ಹೊಗೆಸೊಪ್ಪು ಬೇಡವೇ ಬೇಡ. ಉಚಿತ ಸಲಹೆಗೆ 1800-11-2356 ಎಂಬ ರಾಷ್ಟ್ರೀಯ ದೂರವಾಣಿಯಿದೆ. ಅಲ್ಲಿ ಕನ್ನಡದಲ್ಲಿಯೂ ಮಾತನಾಡಬಹುದು.

ಕೊನೆಯದಾಗಿ ಒಂದು ಮಾತು. ನಾನು ಹೇಳಿದ ಆ ಪ್ರಯೋಗದಲ್ಲಿ ವೇಪ್ ಹಿಡಿದು ಸಿಗರೇಟು ಬಿಟ್ಟವರಲ್ಲಿ ನೂರಕ್ಕೆ 80 ಮಂದಿ ವರ್ಷದ ಮೇಲೆಯೂ ವೇಪನ್ನು ಬಿಟ್ಟಿರಲಿಲ್ಲ. ದೋಣಿ ಹೊಳೆ ದಾಟುವುದಕ್ಕೆ; ಅದರಲ್ಲೇ ಮನೆ ಕಟ್ಟುವುದಕ್ಕಲ್ಲ. ನಿಕೋಟಿನ್ನಿನ ಬಲವನ್ನು ಮೆಲ್ಲಮೆಲ್ಲನೆ ಇಳಿಸುತ್ತ ಹೋಗಬೇಕು. ಆದರೆ ಮರಳಿ ಸಿಗರೇಟಿಗೆ ಬೀಳುವ ಭಯವಿದ್ದರೆ ಅವಸರಪಡಬಾರದು. ದಡ ಕಾಣಿಸುವುದು ಅಂಗಡಿಯ ಸೊಗಡು ಸಾಕೆನಿಸಿ ಅಡಿಗೆಮನೆಯ ಸೊಗಡು ಬೇಕೆನಿಸಿದ ದಿನ. ಒಗ್ಗರಣೆಯ ಇಂಗು ಹಜಾರದವರೆಗೆ ಬಂದು ಮೂಗಿಗೆ ತಟ್ಟಿತೆಂದರೆ, ಮನೆಯವರು ಆ ದಿನ ಒಂದು ಹಿಡಿ ಅನ್ನವನ್ನು ಹೆಚ್ಚಾಗಿಯೇ ಇಡಲಿ.